ಆರಾಮರಾಯನ ಆಟದ ಪೀರಿಯಡ್ಡು

ಚೆನ್ನೈಗೆ ಓದಲು ಹೋಗುವ ಕನ್ನಡದ ಹುಡುಗರಲ್ಲಿ ವರ್ಷಕ್ಕೊಬ್ಬ ಆರಾಮರಾಯ ಇದ್ದೇ ಇರುತ್ತಾನೆ. ಮನೆಯಲ್ಲಿಟ್ಟ ಹೆಸರು ಬೇರೆ ಇರಬಹುದು, ಊರು ದಾವಣಗೆರೆಯೋ ಪುತ್ತೂರೋ ಆಗಿರಬಹುದು, ಜಾತಕ ಮಾತ್ರ ಒಂದೇ. ಹೈಸ್ಕೂಲಿನಲ್ಲಿ ಅವನ ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರು ‘ಪೋರ್ಷನ್ ಬಾಕಿ ಇದೆ’ ಎಂದು ಕಬಳಿಸಿದರು. ಪಿಯುಸಿಯ ಎರಡು ವರ್ಷವನ್ನು ಕೋಚಿಂಗ್ ನುಂಗಿತು. ಓಡದೆ, ಹಾರದೆ, ಬೀಳದೆ ರ್‍ಯಾಂಕ್ ತಂದ ಈ ಶರೀರ ಐಐಟಿ ಮದ್ರಾಸಿಗೆ ಬಂದು, ಕಾವೇರಿ ಹಾಸ್ಟೆಲಿನಲ್ಲಿ ಸೂಟ್‌ಕೇಸ್ ಇಳಿಸುತ್ತದೆ. ‘ಅಮ್ಮಾ, ಕಾವೇರಿ ನನಗೇ ಸಿಕ್ತು, ಟ್ರಿಬ್ಯುನಲ್ ಬೇಕಾಗ್ಲಿಲ್ಲ’ ಎಂದು ಫೋನ್ ಮಾಡಿ ಮುಗಿಸುವಷ್ಟರಲ್ಲಿ ಗ್ರಹಚಾರ ವಕ್ಕರಿಸುತ್ತದೆ. ಎನ್‌ಸಿಸಿ, ಎನ್‌ಎಸ್‌ಎಸ್, ಇಲ್ಲವೇ ಎನ್‌ಎಸ್‌ಒ ಎಂಬ ಕ್ರೀಡಾ ವಿಭಾಗ: ಮೊದಲ ವರ್ಷದವರಿಗೆ ಈ ಮೂರರಲ್ಲೊಂದು ಕಡ್ಡಾಯ.

ಊರಾದರೂ ಎಂಥದ್ದು! ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವನು 1920ರಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದು, ಇಡೀ ದೇಶಕ್ಕೇ ಡ್ರಿಲ್ ಮಾಸ್ತರರನ್ನು ಹಂಚಿದ ಊರು. ಆ ಕಾಲೇಜು ಇಂದಿಗೂ ನಂದನದಲ್ಲಿದೆ. ಇಂಥ ಊರಿನಲ್ಲಿ ಕೂತು ಆರಾಮರಾಯ ಬೆವರದೆ ಪಾಸಾಗುವ ಹಾದಿ ಹುಡುಕಲು ಹೊರಡುತ್ತಾನೆ.

ಹೆಣ್ಣು ಕೊಡುವವರು ಗಂಡಿನ ಮನೆಯ ಪೂರ್ವಾಪರ ವಿಚಾರಿಸುವಂತೆ ಅವನು ಒಂದೊಂದು ಆಟದ ಪೂರ್ವಾಪರ ವಿಚಾರಿಸುತ್ತಾನೆ. ಹಾಜರಿ ಶುರುವಿನಲ್ಲೋ ಕೊನೆಯಲ್ಲೋ? ಮೈದಾನದ ಯಾವ ಮಗ್ಗುಲಿಗೆ ಮರವಿದೆ? ಬೆಳಿಗ್ಗೆ ಆರಕ್ಕೋ ಸಂಜೆಗೋ? ಕೋಚ್ ಕೂರುವವರೋ ಓಡಿಸುವವರೋ? ಸೀನಿಯರ್‌ಗಳಿಗೆ ಟೀ ಕುಡಿಸಿ, ಕ್ಯಾಂಪಸ್ಸಿನ ಈ ತುದಿಯಿಂದ ಆ ತುದಿಗೆ ನಡೆದು, ಮಾಹಿತಿಯನ್ನೆಲ್ಲ ಎಕ್ಸೆಲ್ ಶೀಟಿಗೆ ಏರಿಸುತ್ತಾನೆ. ಆ ವಾರ ಅವನು ನಡೆದ ನಡಿಗೆಯಲ್ಲಿ ಅರ್ಧ ಸೆಮಿಸ್ಟರಿನ ವ್ಯಾಯಾಮ ಮುಗಿದಿರುತ್ತದೆ. ಅದಕ್ಕೆ ಹಾಜರಿ ಕೊಡುವವರಿಲ್ಲ, ಅಷ್ಟೆ.

ಎನ್‌ಸಿಸಿ ಮೊದಲ ಸುತ್ತಿನಲ್ಲೇ ಔಟ್. ಬೂಟು ಪಾಲಿಶ್ ಮಾಡಬೇಕು. ಎನ್‌ಎಸ್‌ಎಸ್ ಹೆಸರಿನಲ್ಲೇ ಸೇವೆ ಇದೆ. ವರ್ಷಕ್ಕೆ 120 ಗಂಟೆ ಎಂದು ಕೇಳಿದೊಡನೆ ಅವನ ಸೇವಾಭಾವ ಬತ್ತುತ್ತದೆ. ಯೋಗದಲ್ಲಿ ಶವಾಸನ ಪರಮಪ್ರಿಯ, ಆದರೆ ಅದಕ್ಕೂ ಮೊದಲು ಸೂರ್ಯ ನಮಸ್ಕಾರವಿದೆ, ಸೂರ್ಯ ಚೆನ್ನೈನವನು. ಕೇರಂ ಆಗಬಹುದಲ್ಲ, ಈ ಊರಿನ ಮರಿಯಾ ಇರುದಯಂ ಅವರಿಗೆ ಕೇರಂ ಆಡಿಯೇ 1996ರ ಅರ್ಜುನ ಪ್ರಶಸ್ತಿ ಬಂತಲ್ಲ ಎಂದು ವಾದ ಹೂಡುತ್ತಾನೆ. ಅದು ರೂಮಿನಲ್ಲಿ ಆಡಿಕೋ ಎನ್ನುತ್ತಾರೆ. ಕೊನೆಯ ಅಸ್ತ್ರ ಚೆಸ್. ‘ಆನಂದ್ ಇದೇ ಊರಿನ ಲೊಯೊಲಾ ಕಾಲೇಜಿನವರು. 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು ಕೂತುಕೊಂಡೇ ಅಲ್ವಾ?’ ಸೀನಿಯರ್ ಟೀ ಲೋಟ ಕೆಳಗಿಟ್ಟು ಹೇಳುತ್ತಾನೆ: ‘2013ರಲ್ಲಿ ಇದೇ ಚೆನ್ನೈನಲ್ಲಿ ಅವರಿಂದ ವಿಶ್ವಪಟ್ಟ ಕಿತ್ಕೊಂಡ ಕಾರ್ಲ್‌ಸನ್ ಫುಟ್‌ಬಾಲ್ ಹುಚ್ಚ. ಕೂರೋದಕ್ಕೂ ದಮ್ಮು ಬೇಕಪ್ಪ.’

ಎಕ್ಸೆಲ್ ಶೀಟಿನಲ್ಲಿ ಕೊನೆಗೆ ಗೆಲ್ಲುವುದು ಬ್ಯಾಡ್ಮಿಂಟನ್. ತಲೆಯ ಮೇಲೆ ಸೂರು, ಕೈಯಲ್ಲಿ ಹಗುರ ರ್‍ಯಾಕೆಟ್ಟು, ಹೊಡೆಯುವುದು ಪುಕ್ಕವನ್ನು. ಇದಕ್ಕಿಂತ ಸುಖ ಯಾವುದು? ಮೊದಲ ದಿನ ಒಳಗೆ ಕಾಲಿಟ್ಟವನೇ ಸ್ವಿಚ್ ಬೋರ್ಡ್ ಹುಡುಕುತ್ತಾನೆ. ‘ಫ್ಯಾನ್ ಕಿಡಯಾದು ತಂಬಿ!’ ಎಂಬ ಕೂಗು ಕೇಳುತ್ತದೆ. ಗಾಳಿ ಬೀಸಿದರೆ ಕಾಕ್ ಅಡ್ಡ ಹೋಗುತ್ತದೆ, ಹಾಗಾಗಿ ಬ್ಯಾಡ್ಮಿಂಟನ್ ಆಡುವಾಗ ಎಲ್ಲ ಊರಿನಲ್ಲೂ ಫ್ಯಾನ್ ಆರಿಸುತ್ತಾರೆ. ಎಕ್ಸೆಲ್ ಶೀಟಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ಹತ್ತೇ ನಿಮಿಷ. ಟೀ ಶರ್ಟಿನ ಬಣ್ಣ ಕಾಲರಿನಿಂದ ಕೆಳಕ್ಕೆ ಗಾಢವಾಗುತ್ತ ಹೋಗುತ್ತದೆ. ಮೊಣಕೈಯಿಂದ ಇಳಿದ ಬೆವರು ಹಿಡಿಕೆಗೆ ಸೇರಿ, ಸ್ಮ್ಯಾಷ್ ಹೊಡೆದರೆ ಕಾಕ್ ಇಲ್ಲೇ ಉಳಿದು ರ್‍ಯಾಕೆಟ್ಟೇ ಆಚೆ ಬದಿಗೆ ಹಾರುತ್ತದೆ. ಹೊರಗೆ ಬಯಲಿನಲ್ಲಿ, ಅವನು ‘ಬಿಸಿಲು’ ಎಂದು ಬರೆದು ಹೊಡೆದುಹಾಕಿದ ಕ್ರಿಕೆಟ್ಟಿನವರು, ಸಂಜೆಯ ಕಡಲ ಗಾಳಿಗೆ ಮೈಯೊಡ್ಡಿ, ಫೀಲ್ಡಿಂಗ್ ಹೆಸರಿನಲ್ಲಿ ಹರಟುತ್ತಿರುತ್ತಾರೆ.

ಇಷ್ಟಾದರೂ ಮೂರನೇ ವಾರಕ್ಕೆ ಆರಾಮರಾಯನಿಗೆ ಒಂದು ರೋಗ ಅಂಟುತ್ತದೆ. ಹನ್ನೊಂದಕ್ಕೆ ಇಪ್ಪತ್ತೊಂದರಲ್ಲಿ ಸೋತವನು, ಹಾಜರಿ ಮುಗಿದ ಮೇಲೂ ‘ಇನ್ನೊಂದು ಗೇಮ್’ ಎಂದು ಎದುರಾಳಿಯ ತೋಳು ಹಿಡಿದು ನಿಲ್ಲಿಸುತ್ತಾನೆ. ಯಾರಾದರೂ ಛೇಡಿಸಿದರೆ ‘ಅಟೆಂಡೆನ್ಸ್‌ಗೋಸ್ಕರ ಕಣೋ’ ಎನ್ನುತ್ತಾನೆ. ಅವತ್ತು ಭಾನುವಾರವಾಗಿರುತ್ತದೆ.

ಈ ವರ್ಷ ಚೆನ್ನೈಗೆ ಹೊರಟ ಮಕ್ಕಳಿಗೆ ನನ್ನದು ಇಷ್ಟೇ ಮಾತು: ಮರ, ಫ್ಯಾನು, ಹಾಜರಿ ಎಲ್ಲ ವಿಚಾರಿಸಿ, ತಪ್ಪಿಲ್ಲ. ಆದರೆ ಫಾರಂ ತುಂಬುವಾಗ ಮಾತ್ರ ಸೋತರೂ ಮತ್ತೆ ಆಡಬೇಕು ಎನ್ನಿಸುವ ಆಟವನ್ನೇ ಬರೆಯಿರಿ. ಅದಕ್ಕಿಂತ ಸುಲಭದ ಕ್ಲಾಸು ಯಾವ ಕಾಲೇಜಿನಲ್ಲೂ ಇಲ್ಲ.