ವಿಂಚಣ್ಣ

ಜೀಪಿನ ಮೂತಿಗೆ ವಿಂಚ್, ಅಂದರೆ ಮೋಟಾರು, ಡ್ರಮ್ಮು, ಹಗ್ಗ ಕಟ್ಟಿಸಿಕೊಂಡು, ಊರಿನ ಯಾವುದಾದರೂ ಗಾಡಿ ಕೆಸರಲ್ಲಿ ಹೂತುಕೊಳ್ಳಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತವನಿಗೆ ವಿಂಚಣ್ಣ ಎಂದು ಹೆಸರು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲೂ ಒಬ್ಬಿಬ್ಬರು ಸಿಗುತ್ತಾರಾದರೂ ಈ ತಳಿ ಹುಲುಸಾಗಿರುವುದು ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ. ಕಾರಣ ಭೂಗೋಳ. ಕೊಪ್ಪಕ್ಕೆ ಮೈಸೂರು ಜಿಲ್ಲೆ ಮುಗಿಯುತ್ತದೆ; ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಅಂದರೆ ಕೊಡಗು. ಜೀಪಿನ ಹುಚ್ಚು ಆ ದಡದ್ದು, ಕೆಂಪು ಮಣ್ಣು ಈ ದಡದ್ದು. ಬೇಸಿಗೆಯಲ್ಲಿ ಕಲ್ಲಾಗಿದ್ದ ಆ ಮಣ್ಣು ಆಷಾಢಕ್ಕೆ ಬೆಣ್ಣೆಯಾಗುತ್ತದೆ. ಅದೇ ಹೊತ್ತಿಗೆ ಹೊಗೆಸೊಪ್ಪು ಮುರಿಯುವ ಕೆಲಸ ಶುರುವಾಗಿ, ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹೊತ್ತ ಗಾಡಿಗಳು ಹೊಲದ ದಾರಿ ಹಿಡಿಯುತ್ತವೆ. ಊರಿನವರಿಗೆ ಅದು ಪರದಾಟ, ವಿಂಚಣ್ಣನಿಗೆ ಸುಗ್ಗಿ.

ಎಳೆಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಕಪಿಲೆ ಬಾವಿಯಲ್ಲಿ ಎತ್ತುಗಳು ಮಿಣಿ ಎಳೆದು ನೀರೆತ್ತಿದವು. ಕಾಕನಕೋಟೆಯಲ್ಲಿ 1971ರವರೆಗೆ ನಡೆದ ಖೆಡ್ಡಾಗಳಲ್ಲಿ ಕಾಡಾನೆಯ ಕಾಲಿಗೆ ಹಗ್ಗ ಬಿಗಿದು ಎಳೆದದ್ದು ಸಾಕಾನೆಗಳು. ಎತ್ತಾಗಲಿ ಆನೆಯಾಗಲಿ, ಎಳೆದದ್ದರ ಬಗ್ಗೆ ಆಮೇಲೆ ಮಾತಾಡಲಿಲ್ಲ. ವಿಂಚಣ್ಣ ಅವುಗಳಿಗಿಂತ ಬೇರೆಯಾಗುವುದು ಇಲ್ಲಿಯೇ.

ಅವನ ಮಾತು ಉಕ್ಕಿನ ಹಗ್ಗದ ನಿಂದೆಯಿಂದ ಆರಂಭವಾಗುತ್ತದೆ. ಅದು ತುಕ್ಕು ಹಿಡಿಯುತ್ತದೆ, ಎಳೆ ಬಿಚ್ಚಿಕೊಂಡು ಅಂಗೈಗೆ ಮುಳ್ಳಾಗುತ್ತದೆ, ಬಿಗಿಯಲ್ಲಿ ಹರಿದರೆ ಚಾವಟಿಯಂತೆ ಬೀಸಿ ಎದುರಿಗಿದ್ದವನ ಕಾಲನ್ನೇ ತೆಗೆಯುತ್ತದೆ. ತನ್ನದು ಸಿಂಥೆಟಿಕ್ ಹಗ್ಗ: ಪಾಲಿಎಥಿಲೀನ್ ನೂಲಿನ ಹನ್ನೆರಡು ಎಳೆಗಳ ಜಡೆ. ಅಷ್ಟೇ ದಪ್ಪದ ಉಕ್ಕಿನ ಹಗ್ಗದ ಏಳನೆಯ ಒಂದು ಪಾಲು ತೂಕ; ಹೊಳೆಗೆ ಬಿದ್ದರೆ ತೇಲುತ್ತದೆ. ಈ ನೂಲಿಗೆ ಡೈನೀಮಾ ಎಂಬ ಹೆಸರೂ ಉಂಟು. ಅವನು ಅದನ್ನು ಹೇಳಿದಾಗಲೆಲ್ಲ ಕೇಳುಗರಲ್ಲೊಬ್ಬ 'ಯಾವ ಸಿನಿಮಾ ಅಣ್ಣ?' ಎನ್ನುತ್ತಾನೆ. ಅವನು ನಗುವುದಿಲ್ಲ.

ಎರಡನೆಯ ಅಧ್ಯಾಯ ಲೆಕ್ಕದ್ದು. ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಇರಬೇಕು. ಎರಡು ಟನ್ನಿಗೆ ಕನಿಷ್ಠ ಮೂರು ಟನ್. ಅವನದು 9500 ಪೌಂಡಿನದು, ಅಂದರೆ ಸುಮಾರು 4300 ಕೆಜಿ. ಆ ಬಲ ಸಿಗುವುದು ಡ್ರಮ್ಮಿನ ಮೊದಲ ಪದರದಲ್ಲಿ ಮಾತ್ರ. ಮೇಲಿನ ಪದರಗಳಲ್ಲಿ ಅದು ಇಳಿಯುತ್ತದೆಂದು ಸಾಧ್ಯವಾದಷ್ಟು ಹಗ್ಗ ಹೊರಗೆಳೆದು ದೂರದಿಂದ ಎಳೆಯಬೇಕು. ಹಾಗೆಂದು ಡ್ರಮ್ಮಿನ ಮೇಲೆ ಎಂಟು–ಹತ್ತು ಸುತ್ತು ಉಳಿಸದಿದ್ದರೆ ಹಗ್ಗ ಜಾರಿಹೋಗುತ್ತದೆ. ಎಂಜಿನ್ ಓಡುತ್ತಿರಬೇಕು, ಇಲ್ಲವಾದರೆ ಬ್ಯಾಟರಿ ಮಲಗುತ್ತದೆ. ರಾಟೆಯೊಂದನ್ನು ಸೇರಿಸಿದರೆ ಬಲ ಇಮ್ಮಡಿ, ವೇಗ ಅರ್ಧ. ಇದನ್ನೆಲ್ಲ ಹೆಚ್ಚು ಸಲ ಕೇಳಿದವನು ಪಕ್ಕದ ಸೀಟಿನವನು. ಅವನೂ ಒಂದು ಉಪಜಾತಿ. ಭಾನುವಾರ ಬೆಳಿಗ್ಗೆ ಕುಶಾಲನಗರದಲ್ಲಿ ಒಂದು ಕಾಫಿ ಕುಡಿದು ಬರೋಣ ಎಂಬ ಮಾತು ನಂಬಿ ಜೀಪು ಹತ್ತಿ, ಮಧ್ಯಾಹ್ನ ಮೂರಕ್ಕೆ ಮೊಣಕಾಲುದ್ದ ಕೆಸರಲ್ಲಿ ಶಾಕಲ್ ಹಿಡಿದು ನಿಂತಿರುವುದು ಇವನ ಲಕ್ಷಣ. ನಂಬುವುದನ್ನು ಅವನು ಮುಂದಿನ ವಾರವೂ ಬಿಡುವುದಿಲ್ಲ.

ವಿಂಚಣ್ಣನ ಮೇಲಿರುವ ಮುಖ್ಯ ದೂರು ಸಿದ್ಧತೆಯದು. ಟ್ರ್ಯಾಕ್ಟರಿನವನು ಐದು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಅವನಿಗೆ ಮುಕ್ಕಾಲು ಗಂಟೆ ಬೇಕು. ಉದಾಹರಣೆಗೆ, ಒಂದು ಜುಲೈ ಭಾನುವಾರ ಕೊಪ್ಪದ ಹತ್ತಿರದ ಶುಂಠಿ ಹೊಲದ ಪಕ್ಕ ಸೌದೆ ತುಂಬಿದ ಪಿಕಪ್ ಹಿಂಗಾಲಿ ಹೂತುಕೊಂಡು ಕೂತಿತ್ತು. ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿತ್ತು. ಬೆಂಕಿ ಆರಿದರೆ ಬಣ್ಣ ಕೆಡುತ್ತದೆಂದು ಯಜಮಾನ ಒದ್ದಾಡುತ್ತಿದ್ದ. ವಿಂಚಣ್ಣ ಇಳಿದ. ಗ್ಲೌಸು ಹಾಕಿದ. ಗಟ್ಟಿ ನೆಲ ಹುಡುಕಿ ಜೀಪು ನಿಲ್ಲಿಸಿ, ಗಾಲಿಗೆ ಕಲ್ಲಿಟ್ಟ. ಜೀಪಿನ ಹಿಂಭಾಗವನ್ನು ಹೊಂಗೆ ಮರಕ್ಕೆ ಕಟ್ಟಲು ಹೋದಾಗ ಹೊಲದವನು ಬಂದು 'ಮರ ಕಿತ್ತೋದ್ರೆ ಯಾರ್ ಕೊಡ್ತಾರೆ?' ಎಂದ. ಸರಪಳಿಯಾದರೆ ತೊಗಟೆ ಸೀಳುತ್ತದೆ, ಅಗಲ ಪಟ್ಟಿಯಾದರೆ ಸೀಳುವುದಿಲ್ಲ ಎಂಬ ಉಪನ್ಯಾಸಕ್ಕೆ ಹತ್ತು ನಿಮಿಷ ಸಂದವು.

ಆಮೇಲೆ ಕ್ಲಚ್ ಬಿಡಿಸಿ ಕೈಯಿಂದ ಹಗ್ಗ ಎಳೆದ. ಗುಂಡಿ ಒತ್ತಿದರೆ ಮೋಟಾರೇ ಹಗ್ಗ ಬಿಡುತ್ತದಲ್ಲ ಎಂದು ಯಾರೋ ಕೇಳಿದರು; ಕೇಳಬಾರದಿತ್ತು. ಎಷ್ಟೋ ವಿಂಚುಗಳಿಗೆ ಬ್ರೇಕು ಡ್ರಮ್ಮಿನ ಹೊಟ್ಟೆಯಲ್ಲಿರುತ್ತದೆ. ಮೋಟಾರಿನಿಂದ ಉದ್ದಕ್ಕೂ ಬಿಡುತ್ತ ಹೋದರೆ ಅದು ಕಾಯುತ್ತದೆ, ಡ್ರಮ್ಮು ಕಾಯುತ್ತದೆ. ಈ ನೂಲು ಕರಗುವುದು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಾದರೂ ಅದಕ್ಕೆ ಬಹಳ ಮುಂಚೆಯೇ ಶಕ್ತಿ ಕಳೆದುಕೊಳ್ಳುತ್ತದೆ. ಗುಂಪಿನಲ್ಲಿದ್ದ ಮುದುಕರೊಬ್ಬರು, 'ನಮ್ ಎತ್ ಕಟ್ಟಿದ್ರೆ ಇಷ್ಟೊತ್ಗೆ ಗಾಡಿ ಮನೇಲಿರದು' ಎಂದರು. ಎಲ್ಲರೂ ನಕ್ಕರು, ಪಕ್ಕದ ಸೀಟಿನವನು ತುಸು ಹೆಚ್ಚೇ ನಕ್ಕ.

ಹಗ್ಗದ ಮೇಲೆ ಏನಾದರೂ ಭಾರ ಹೊದಿಸಬೇಕು. ಅಕಸ್ಮಾತ್ ಹರಿದರೆ ಅದು ಹಗ್ಗವನ್ನು ನೆಲಕ್ಕೆ ತಳ್ಳುತ್ತದೆ. ಸಿಂಥೆಟಿಕ್ ಆದರೂ ಬಿಗಿಯಲ್ಲಿ ಹರಿದರೆ ಸ್ವಲ್ಪವಾದರೂ ಚಿಮ್ಮದೆ ಇರದು. ಅದಕ್ಕೆಂದೇ ತಂದ ಹೊದಿಕೆ ಮನೆಯಲ್ಲಿ ಉಳಿದಿತ್ತು. ಕಣ್ಣಿಗೆ ಬಿದ್ದದ್ದು ಪಕ್ಕದ ಸೀಟಿನವನ ಹೊಸ ಮಳೆಕೋಟು. ಅದರ ಜೇಬಿಗೆ ಕಲ್ಲು ತುಂಬಿ ಹಗ್ಗಕ್ಕೆ ನೇತುಹಾಕಲಾಯಿತು. ನಂತರ ಹಗ್ಗದ ಉದ್ದಕ್ಕಿಂತ ದೂರಕ್ಕೆ ಎಲ್ಲರನ್ನೂ ಓಡಿಸುವ ಕೆಲಸ. 'ಒಸಿ ದೂರ ನಿಂತ್ಕಳಣ್ಣ, ಹಗ್ಗ ದಾಟ್ಬೇಡಣ್ಣ' ಎಂದು ಅವನು ಅಂಗಲಾಚಿದಷ್ಟೂ ಹುಡುಗರು ಹತ್ತಿರ ಬಂದರು. ಒಬ್ಬ ಬಿಗಿಯಾದ ಹಗ್ಗ ದಾಟಲು ಕಾಲೆತ್ತಿದ್ದೇ ರಿಮೋಟು ನಿಂತಿತು. ಹಗ್ಗ ಸಡಿಲಿಸಿ, ಹುಡುಗನನ್ನು ಬೈದು, ಮತ್ತೆ ಮೊದಲಿನಿಂದ. ಹೀಗೆ ಮೂರು ಸಲ.

ಎಳೆಯುವ ಮುನ್ನ ಹಗ್ಗವನ್ನು ಮಾರುಮಾರು ಕೈಯಲ್ಲಾಡಿಸಿ ನೋಡುವುದು ಅವನ ಪದ್ಧತಿ: ಎಳೆ ಕತ್ತರಿಸಿದೆಯೇ, ಎಲ್ಲಾದರೂ ಕರಗಿ ಗಟ್ಟಿಯಾಗಿ ಹೊಳೆಯುತ್ತಿದೆಯೇ, ಚಪ್ಪಟೆಯಾಗಿದೆಯೇ ಎಂದು. ಅಂದು ಅರ್ಧ ನೋಡಿದ್ದ. 'ಸಾಕು ಬುಡಣ್ಣ, ಎಷ್ಟಂತ ನೋಡ್ತೀಯ, ಹೊಟ್ಟೆ ಹಸೀತೈತೆ' ಎಂದವನು ಪಕ್ಕದ ಸೀಟಿನವನು. ಹಿಂದಿನ ವಾರ ಅದೇ ಹಗ್ಗವನ್ನು ಬದುವಿನ ಚೂಪು ಕಲ್ಲಿನ ಮೇಲೆ ಎಳೆದಾಡಿದವನೂ ಅವನೇ. ಪಿಕಪ್ ಒಂದು ಗೇಣು ಮೇಲೆದ್ದಿತು, ಎರಡು ಗೇಣು ಎದ್ದಿತು. ನೋಡದೆ ಬಿಟ್ಟ ಅರ್ಧದಲ್ಲಿ ಹಗ್ಗ ಟಪ್ಪೆಂದು ಹರಿಯಿತು. ಮಳೆಕೋಟಿನ ಸಮೇತ ಕೆಸರಿಗೆ ಬಿದ್ದು, ಸತ್ತ ಕೇರೆಹಾವಿನಂತೆ ಮಲಗಿತು. ಹತ್ತಿರ ಒಂದು ನಾಯಿಯೂ ಇರಲಿಲ್ಲ. ಎಲ್ಲರೂ ಬೈಸಿಕೊಂಡು ದೂರ ನಿಂತಿದ್ದರು.

ಊರು ಹೊಟ್ಟೆ ಹಿಡಿದು ನಕ್ಕಿತು. ಟ್ರ್ಯಾಕ್ಟರ್ ಬಂತು, ಐದು ನಿಮಿಷದಲ್ಲಿ ಗಾಡಿ ಎತ್ತಿತು, ಟೀ ಕುಡಿಸಿಕೊಂಡು ಹೋಯಿತು. ಆ ಮಧ್ಯಾಹ್ನದ ಲೆಕ್ಕದಲ್ಲಿ ವಿಂಚಣ್ಣನ ಹೆಸರಿಗೆ ಬಂದದ್ದು ಹರಿದ ಹಗ್ಗವೊಂದೇ. ಹಗ್ಗ ದಾಟಲು ಕಾಲೆತ್ತಿದ ಹುಡುಗ ಎರಡೂ ಕಾಲಲ್ಲಿ ಮನೆಗೆ ಓಡಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗಾಡಿ ಎತ್ತಿದವನಿಗೆ ಟೀ ಸಿಗುತ್ತದೆ. ಏನೂ ಆಗದಂತೆ ನೋಡಿಕೊಂಡವನಿಗೆ ತಲೆಹರಟೆ ಎಂಬ ಬಿರುದು ಸಿಗುತ್ತದೆ.

ಕೊನೆಯದಾಗಿ ಪಾಲನೆ. ಹರಿದ ಹಗ್ಗವನ್ನು ಗಂಟು ಹಾಕುವಂತಿಲ್ಲ, ಗಂಟು ಅದರ ಬಲವನ್ನು ತಿಂದುಹಾಕುತ್ತದೆ. ಜಡೆ ಟೊಳ್ಳಾಗಿರುವುದರಿಂದ ಒಂದು ತುದಿಯನ್ನು ಇನ್ನೊಂದರ ಹೊಟ್ಟೆಯೊಳಗೆ ಉದ್ದಕ್ಕೆ ತೂರಿಸಿ ಹೆಣೆಯಬೇಕು. ಕೆಸರಿನ ಮರಳು ಎಳೆಗಳ ನಡುವೆ ಕೂತು ಒಳಗಿಂದಲೇ ಅರೆಯುತ್ತದೆ. ಬಕೆಟ್ಟಿನಲ್ಲಿ ನೆನೆಸಿ, ನೀರು ತಿಳಿಯಾಗುವ ತನಕ ಜಾಲಿಸಬೇಕು. ಬಿಸಿಲು ನೂಲನ್ನು ಬಡಕಲು ಮಾಡುತ್ತದೆಂದು ಜಗಲಿಯ ನೆರಳಿನಲ್ಲಿ ಒಣಹಾಕಬೇಕು. ಮನೆಯಾಕೆಯ ಸೀರೆಗಳು ಆ ವಾರ ಅಂಗಳದ ಬಿಸಿಲಿನಲ್ಲಿ ಬಣ್ಣ ಕಳೆದುಕೊಳ್ಳುತ್ತವೆ. ಹಗ್ಗ ಹೊರಬರುವ ಬಾಯಿ ನುಣುಪಾದ ಅಲ್ಯೂಮಿನಿಯಂನದಾಗಿರಬೇಕು. ಉಕ್ಕಿನ ಹಗ್ಗ ಗೀರಿದ ಹಳೆಯ ರೋಲರುಗಳು ಹೊಸ ಹಗ್ಗವನ್ನು ಗರಗಸದಂತೆ ಕೊಯ್ಯುತ್ತವೆ.

ಒಣಗಿದ ಹಗ್ಗವನ್ನು ಡ್ರಮ್ಮಿಗೆ ಸುತ್ತುವಾಗ ಬಿಗಿ ಇರಬೇಕು; ಸಡಿಲ ಸುತ್ತಿದರೆ ಮುಂದಿನ ಎಳೆತಕ್ಕೆ ಮೇಲಿನ ಸುತ್ತು ಕೆಳಗಿನದರಲ್ಲಿ ಹೂತು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ತುದಿಯನ್ನು ಗಟ್ಟಿ ಮರವೊಂದಕ್ಕೆ ಪಟ್ಟಿ ಹಾಕಿ ಸಿಕ್ಕಿಸಿ, ತುಸು ಏರಿನಲ್ಲಿ ಜೀಪು ತನ್ನನ್ನು ತಾನೇ ಎಳೆದುಕೊಳ್ಳುವಂತೆ ಮಾಡಬೇಕು. ಒಳಗೊಬ್ಬ ಕೂತು ಬ್ರೇಕನ್ನು ಹದವಾಗಿ ಒತ್ತುತ್ತಿರಬೇಕು. ಆ ಒಬ್ಬ ಪಕ್ಕದ ಸೀಟಿನವನು. ಸುತ್ತುವ ಮೊದಲು ಹಗ್ಗವನ್ನು ಮಾರುಮಾರು ಬೆಳಕಿಗೆ ಹಿಡಿದು ನೋಡುವುದು ಆ ಭಾನುವಾರದಿಂದೀಚೆಗೆ ಅವನ ಪಾಲಿನ ಕೆಲಸ. ವಿಂಚಣ್ಣ 'ಸಾಕು ಬುಡು' ಎಂದರೂ ಅವನು ಬಿಡುವುದಿಲ್ಲ.