ಅಪ್ಪನ ಕ್ಯಾಮೆರಾ, ಅಣ್ಣನ ಭಾವನೆ

ತೀರ್ಥಹಳ್ಳಿ ಮನೆಯ ಅಟ್ಟ ಗುಡಿಸುವಾಗ ಅಪ್ಪನ ಯಾಶಿಕಾ ಎಲೆಕ್ಟ್ರೋ 35 ಸಿಕ್ಕಿತು. ಚರ್ಮದ ಕವರು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಿತು. ಲೆನ್ಸಿನೊಳಗೆ ಎಳೆ ಎಳೆಯಾಗಿ ಬೂಷ್ಟು. ನಮ್ಮೂರಿನ ಮಳೆಗೆ ಉಪ್ಪಿನಕಾಯಿ ಜಾಡಿಯೇ ತಡೆಯುವುದಿಲ್ಲ, ಜಪಾನಿನ ಗಾಜು ಯಾವ ಲೆಕ್ಕ? ಅದರ ಫೋಟೊ ತೆಗೆದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದು ನನ್ನ ತಪ್ಪು.

ಐದೇ ನಿಮಿಷದಲ್ಲಿ ನ್ಯೂಜೆರ್ಸಿಯ ಅಣ್ಣ ಅತ್ತ. ಅಂದರೆ, ಅಳುವ ಮುಖಗಳು ಮೂರು ಬಂದವು. "ಅದು ಅಪ್ಪನ ಕಣ್ಣು ಮಾರಾಯ. ಏನಾದ್ರೂ ಮಾಡಿ ರಿಪೇರಿ ಮಾಡಿಸು." ಅಪ್ಪನ ಅಸಲಿ ಕಣ್ಣಿಗೆ ಪೊರೆ ಬಂದಾಗ ಇದೇ ಅಣ್ಣ, "ಯಶಸ್ವಿನಿ ಕಾರ್ಡ್ ಇರ್ಬೇಕಲ್ಲ?" ಎಂದು ಕೇಳಿದ್ದ. ಮೈಸೂರಿನ ಅಕ್ಕನಿಗೆ ಅದು ತನ್ನ ಷೋಕೇಸಿಗೆ ಬೇಕು. ಅವಳ ಮಗನ ಪ್ರಕಾರ ಈಗ ಇದೇ ಟ್ರೆಂಡು. ಹುಡುಗ ತನ್ನ ಫೋನಿನಲ್ಲಿ ತೆಗೆದ ಚೊಕ್ಕ ಫೋಟೊಗೆ ಆ್ಯಪಿನಿಂದ ಕಾಳುಕಾಳು, ಗೀರು, ಬೆಳಕು ನುಗ್ಗಿದ ಕಲೆ ಎಲ್ಲ ಹಚ್ಚುತ್ತಾನೆ. ಅಂಥದೇ ಒಂದು ಕಲೆ ಬಿದ್ದದ್ದಕ್ಕೆ ಅಪ್ಪ ಸ್ಟುಡಿಯೋದವರ ಜತೆ ಆರು ತಿಂಗಳು ಮಾತು ಬಿಟ್ಟಿದ್ದರು.

ಆಗ ಒಂದು ರೀಲು ಗೌರಿಹಬ್ಬದಿಂದ ಯುಗಾದಿಯವರೆಗೆ ಬಾಳಬೇಕಿತ್ತು. 36ರ ರೀಲಿನಲ್ಲಿ 38 ತೆಗೆಯುವುದು ಅಪ್ಪನ ಜೀವಮಾನದ ಸಾಧನೆ. ನಾವೆಲ್ಲ ಪೊಲೀಸ್ ಠಾಣೆಯ ಆರೋಪಿಗಳಂತೆ ಸಾಲಾಗಿ ಉಸಿರು ಹಿಡಿದು ನಿಲ್ಲುತ್ತಿದ್ದೆವು.

ಬೆಂಗಳೂರಿನ ಚಿಕ್ಕಪೇಟೆ ಕಡೆ ಒಂದು ಮಹಡಿಯ ಮೇಲೆ ರಿಪೇರಿಯವರಿದ್ದಾರೆ ಎಂದು ಯಾರೋ ಹೇಳಿದರು. ಹೋದೆ. ಹಿರಿಯರು ಲಿವರ್ ಎಳೆದು ಕಿವಿಗೆ ಹಿಡಿದರು. "ಒಳಗೆ ಟಕ್ ಅನ್ನಬೇಕು ಸಾರ್. ಅಂತಿಲ್ಲ." 1966ರಲ್ಲಿ ಬಂದ ಮಾದರಿ; ಷಟರ್ ಎಷ್ಟು ಹೊತ್ತು ತೆರೆಯಬೇಕೆಂದು ಬೆಳಕು ನೋಡಿ ತಾನೇ ತೀರ್ಮಾನಿಸುವ ಜಾಣ ಯಂತ್ರವಿದು. ಆ ಜಾಣತನವೆಲ್ಲ ನಿಂತಿರುವುದು ಕಡಲೆಬೇಳೆಯಷ್ಟೂ ಇಲ್ಲದ ಒಂದು ರಬ್ಬರ್ ತುಂಡಿನ ಮೇಲೆ. ಅದು ಪುಡಿಯಾದರೆ ಟಕ್ ಇಲ್ಲ, ಫೋಟೊ ಸರಿ ಬರುವುದೂ ಇಲ್ಲ. ಇನ್ನು ಹಳೆಯ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ಸಿಗುವುದಿಲ್ಲ. 6 ವೋಲ್ಟಿನ ಪುಟ್ಟ ಬ್ಯಾಟರಿಗೆ ಸ್ಪ್ರಿಂಗ್ ಕೊಟ್ಟು ಕೂರಿಸಬೇಕು. ಬ್ಯಾಟರಿಯೇ ಇಲ್ಲದಿದ್ದರೆ ಹಗಲು ರಾತ್ರಿ ನೋಡದೆ ಸೆಕೆಂಡಿನ 1/500ರಲ್ಲಿ ಬಾಗಿಲು ಹಾಕಿಬಿಡುತ್ತದೆ, ಊಟದ ಹೊತ್ತಿನ ಸರ್ಕಾರಿ ಕೌಂಟರಿನಂತೆ.

"ರಬ್ಬರಿಗೆ ಐದು ರೂಪಾಯಿ ಆಗಲ್ಲ. ಅಲ್ಲೀತನಕ ಬಿಚ್ಚಿ, ಬೂಷ್ಟು ಒರೆಸಿ, ವಾಪಸ್ ಜೋಡಿಸೋಕೆ ನಾಲ್ಕೂವರೆ ಸಾವಿರ. ಆಮೇಲೆ ರೀಲು ಸಾವಿರದ ಹತ್ತಿರ, ತೊಳೆದು ಸ್ಕ್ಯಾನ್ ಮಾಡೋಕೆ ಐನೂರು. ಮಾಡ್ಬೋದು ಸಾರ್," ಎಂದು ಕನ್ನಡಕ ತೆಗೆದರು. "ಆದ್ರೆ ಯಾಕೆ?"

ಯಾಶಿಕಾ ಹೆಸರು ಹೊತ್ತ ಕ್ಯೋಸೆರಾ ಕಂಪನಿಯೇ 2005ರಲ್ಲಿ ಕ್ಯಾಮೆರಾ ಸಹವಾಸ ಸಾಕೆಂದಿತು. ಊಟಿಯಲ್ಲಿ 'ಇಂದು' ರೀಲು ಮಾಡುತ್ತಿದ್ದ ನಮ್ಮ ಹಿಂದುಸ್ತಾನ್ ಫೋಟೊ ಫಿಲಂಸ್ ಕೂಡ ಬಾಗಿಲು ಹಾಕಿದೆ. ಉಳಿದಿರುವುದು ಎರಡೇ ಬಗೆಯ ರೀಲು: ಫೋನಿನಲ್ಲಿ ನೋಡುವುದು, ಗುಂಪಿನಲ್ಲಿ ಬಿಡುವುದು.

ರಿಪೇರಿ ಖರ್ಚನ್ನು ಗುಂಪಿಗೆ ಬರೆದೆ. ಮೂವರು ಹಂಚಿಕೊಂಡರೆ ತಲಾ 1500. ಎಲ್ಲರಿಗೂ ನೀಲಿ ಗೆರೆ ಬಿತ್ತು. ಮರುದಿನ ಅಣ್ಣ ತಾವರೆ ಹೂವಿನ ಶುಭೋದಯ ಕಳಿಸಿದ. "ಷೋಕೇಸಿಗಾದ್ರೆ ರಿಪೇರಿ ಯಾಕೋ?" ಎಂದಳು ಅಕ್ಕ. ಆ ಗುಂಪಿನಲ್ಲಿ ವರ್ಷಕ್ಕೊಮ್ಮೆ ಬರುವ ಬುದ್ಧಿಯ ಮಾತು ಅದು.

ನಾನೇನು ಸಾಚಾ ಅಲ್ಲ. ಈ ಟಕ್ ನಿಂತಾಗ ಅಪ್ಪ, "ಬೆಂಗಳೂರಿಗೆ ಹೋಗುವಾಗ ಇದನ್ನೊಮ್ಮೆ ತೋರಿಸ್ತೀಯೇನೋ?" ಎಂದಿದ್ದರು. ನಾನು ಕ್ಯಾಮೆರಾ ಒಯ್ಯುವ ಬದಲು ಅವರಿಗೊಂದು ಸ್ಮಾರ್ಟ್‌ಫೋನ್ ತಂದುಕೊಟ್ಟಿದ್ದೆ. ಅದರಲ್ಲಿ ಅವರು ಒಂದೂ ಫೋಟೊ ತೆಗೆಯಲಿಲ್ಲ.

ರಿಪೇರಿ ಮಾಡಿಸಿದೆ. ಈಗ ಟಕ್ ಅನ್ನುತ್ತದೆ. ರೀಲು ಹಾಕಿಲ್ಲ. ಡಿಸೆಂಬರಿನಲ್ಲಿ ಅಣ್ಣ ಬರುತ್ತಾನೆ. ಕ್ಯಾಮೆರಾ ಕಣ್ಣಿಗೆ ಹಿಡಿದು ನಿಂತ ತನ್ನದೊಂದು ಫೋಟೊ ಬೇಕಂತೆ, ಫೋನಿನಲ್ಲಿ ತೆಗೆದುಕೊಡು ಎಂದಿದ್ದಾನೆ. ಅವನ ಪಾಲಿನ 1500 ಇನ್ನೂ ಬಂದಿಲ್ಲ.