ಕೈ ಕಟ್, ಬಾಯ್ ಮುಚ್

ಕಾಂಪೌಂಡ್ ಗೋಡೆ ಇರುವುದೇ ಮೊಣಕೈ ಊರಲಿಕ್ಕೆ ಎಂದು ನಮ್ಮ ಪಕ್ಕದ ಮನೆ ರಾಯರ ನಂಬಿಕೆ. ಪೇಪರು ಓದಿ ಮುಗಿಸಿ, ಅದರಲ್ಲಿ ಬಾರದ ಸುದ್ದಿಯನ್ನೆಲ್ಲ ಅಲ್ಲಿಂದಲೇ ಬಿತ್ತರಿಸುತ್ತಾರೆ. ಮೊನ್ನೆ ಮಾತ್ರ ದನಿ ಇಳಿದಿತ್ತು.

“ಮೇಷ್ಟ್ರೇ, ಮಗಳು ಮೊಮ್ಮಗನ್ನ ಕಾಡಿಗೆ ಸೇರಿಸಿದ್ದಾಳೆ. ಊರು ಹೋಗು, ಕಾಡು ಬಾ ಅನ್ನೋ ವಯಸ್ಸು ನಂದು. ಅವನಿಗಿನ್ನೂ ಮೂರೂವರೆ!”

ಮಗಳಿರುವುದು ಜರ್ಮನಿಯ ಫ್ರೈಬುರ್ಗ್‌ನಲ್ಲಿ. ನನ್ನ ಮಗನೂ ಆ ಕಡೆಯೇ. ಅವನ ಮನೆಗೆ ಹೋಗಿದ್ದಾಗ ಮೊಮ್ಮಗಳ ಹಿಂದೆ ಅಂಥದ್ದೇ ಒಂದು ಕಾಡಿನ ಶಿಶುವಿಹಾರಕ್ಕೆ ಹೋಗಿ ಬಂದವನು ನಾನು. ಹೀಗಾಗಿ ಅಪರೂಪಕ್ಕೆ ಗೋಡೆಯ ಈಚೆಗೂ ಸ್ವಲ್ಪ ಸುದ್ದಿಯಿತ್ತು.

“ಕಟ್ಟಡವೇ ಇಲ್ವಂತೆ?”

“ಗಾಲಿಯ ಮೇಲೆ ಕೂತ ಒಂದು ಮರದ ಕೋಣೆ ಇರತ್ತೆ, ಒಳಗೊಂದು ಒಲೆ. ತೀರಾ ಚಳಿಯಾದ್ರೆ ಅಲ್ಲಿ ಕೈ ಕಾಯಿಸ್ಕೋತಾರೆ. ಮಿಕ್ಕಂತೆ ಮಳೆಯಾಗಲಿ ಹಿಮವಾಗಲಿ ಹೊರಗೇ. ರಬ್ಬರ್ ಬೂಟು, ಎದೆಮಟ್ಟ ಬರೋ ಕೆಸರು ಪ್ಯಾಂಟು. ಬಿರುಗಾಳಿ ಎಚ್ಚರಿಕೆ ಬಂದ ದಿನ ಮಾತ್ರ ಮರದ ಕೆಳಗೆ ಕಾಲಿಡೋ ಹಾಗಿಲ್ಲ.”

“ಆಟದ ಸಾಮಾನು?”

“ಕೋಲು, ಕಲ್ಲು, ಪೈನ್ ಕಾಯಿ, ಕೆಸರು.”

ಈ ಉತ್ತರ ಕೇಳಿ ರಾಯರು ಶುಲ್ಕವೆಷ್ಟೆಂದು ವಿಚಾರಿಸಿದರು.

ಇದು ಇಂದು ನಿನ್ನೆಯ ಹುಚ್ಚಲ್ಲ. 1950ರ ದಶಕದಲ್ಲಿ ಡೆನ್ಮಾರ್ಕಿನ ಎಲ್ಲಾ ಫ್ಲಾಟೌ ಎಂಬಾಕೆ ತನ್ನ ಮಕ್ಕಳನ್ನೂ ನೆರೆಮನೆ ಮಕ್ಕಳನ್ನೂ ದಿನಾ ಕಾಡಿಗೆ ಕರೆದೊಯ್ಯುತ್ತಿದ್ದಳು. ಇದು ಅಕ್ಕಪಕ್ಕದ ತಾಯಂದಿರಿಗೂ ಹಿಡಿಸಿ, ಅವರೆಲ್ಲ ಸೇರಿ ಅದನ್ನೊಂದು ಶಿಶುವಿಹಾರವನ್ನಾಗಿ ಮಾಡಿದರು. ಜರ್ಮನಿಯ ಫ್ಲೆನ್ಸ್‌ಬುರ್ಗ್‌ನಲ್ಲಿ 1993ರಲ್ಲಿ ಇಬ್ಬರು ಶಿಕ್ಷಕಿಯರು ತೆರೆದ ಇಂಥ ಶಾಲೆಗೆ ಸರ್ಕಾರದ ಮಾನ್ಯತೆ ಸಿಕ್ಕಿತು. ಈಗ ಆ ದೇಶದಲ್ಲಿ 1,500ಕ್ಕೂ ಹೆಚ್ಚಿವೆ.

“ಏನು ಪಾಠ ಮಾಡ್ತಾರೆ ಅಲ್ಲಿ?”

ಇಲ್ಲಿಯೇ ನನ್ನ ಮೇಷ್ಟ್ರುತನಕ್ಕೆ ಪೆಟ್ಟು ಬಿದ್ದದ್ದು. ನಾನು ಹೋದ ದಿನ ಬೆಳಿಗ್ಗೆ ವೃತ್ತವಾಗಿ ನಿಂತು ಹಾಡು ಹೇಳಿ, ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಎಣಿಸಿದರು. ಇವತ್ತು ಎಲ್ಲಿಗೆ ಹೋಗೋಣವೆಂದು ಮಕ್ಕಳೇ ಜಗಳವಾಡಿ ತೀರ್ಮಾನಿಸಿದರು. ಅಲ್ಲಿಗೆ ತಲುಪಿದ ಮೇಲೆ ದೊಡ್ಡವರು ಏನೂ ಮಾಡಲಿಲ್ಲ. ಮಾಡಲಿಲ್ಲವೆಂದರೆ, ಬಹಳ ಶ್ರಮಪಟ್ಟು ಮಾಡಲಿಲ್ಲ. ಮೂವರು ಮಕ್ಕಳು ಒಂದು ದಿಮ್ಮಿಯನ್ನು ಸಣ್ಣ ಕಾಲುವೆಗೆ ಅಡ್ಡ ಹಾಕಲು ಹೊರಟಿದ್ದರು. ಮೂವರೂ ಮೂರು ದಿಕ್ಕಿಗೆ ಎಳೆಯುತ್ತಿದ್ದರು. ‘ಎಲ್ಲರೂ ಒಂದೇ ಕಡೆ ಎಳೀರೋ’ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಶಿಕ್ಷಕಿ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತೇ ಇದ್ದಳು. ಕೊನೆಗೊಬ್ಬಳು ಹುಡುಗಿ ಕೋಲೊಂದನ್ನು ತಂದು ದಿಮ್ಮಿಯ ಅಡಿಗೆ ತೂರಿಸಿ ಮೀಟಿದಳು. ಸನ್ನೆಕೋಲಿನ ಪಾಠವನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದೇ ಮಾಡುತ್ತಿದ್ದೆ. ಇಲ್ಲಿ ಅದು ಕೆಸರು ಮೆತ್ತಿಕೊಂಡು ತಾನಾಗಿ ಬಂತು.

“ಬಿದ್ದು ಗಿದ್ದು ಮಾಡ್ಕೊಂಡ್ರೆ? ಮರ ಹತ್ತಿಸ್ತಾರಂತೆ!”

“ಹತ್ತಿಸಲ್ಲ ರಾಯರೇ. ಹತ್ತಿಸೋದೇ ನಿಷೇಧ. ತಾನೇ ಹತ್ತಬಲ್ಲಷ್ಟು ಎತ್ತರಕ್ಕೆ ಹತ್ತಬಹುದು, ಯಾರೂ ಎತ್ತಿ ಕೊಂಬೆ ಮೇಲೆ ಕೂರಿಸೋ ಹಾಗಿಲ್ಲ. ತಾನಾಗಿ ಹತ್ತಿದವನ ಕೈಕಾಲಿಗೆ ಇಳಿಯೋ ದಾರಿ ಗೊತ್ತಿರತ್ತೆ.”

ಚಾಕು ಕೂಡ ಕೊಡುತ್ತಾರೆಂದೆ. ರಾಯರ ಮೊಣಕೈ ಗೋಡೆಯಿಂದ ಜಾರಿತು. ಕೂತೇ ಕೆತ್ತಬೇಕು, ಪಕ್ಕದವನಿಂದ ಒಂದು ತೋಳಿನಷ್ಟು ದೂರವಿರಬೇಕು, ಅಲಗು ಮೈಯಿಂದ ಆಚೆಗೆ ಸಾಗಬೇಕು. ಕೂಗಿದರೆ ಕೇಳುವಷ್ಟು, ಕಣ್ಣಿಗೆ ಕಾಣುವಷ್ಟು ದೂರದಾಚೆ ಹೋಗಕೂಡದು. ಕಾಡಿನ ಹಣ್ಣು ಕಿತ್ತು ಬಾಯಿಗಿಡಕೂಡದು, ನರಿಯ ಲಾಡಿಹುಳದ ಭಯವುಂಟು. ನಿಯಮಗಳು ಕೆಲವೇ, ಆದರೆ ಅವುಗಳಲ್ಲಿ ರಾಜಿಯಿಲ್ಲ.

“ಇದರಲ್ಲೇನು ಹೊಸದು ಬಿಡಿ,” ರಾಯರು ಚೇತರಿಸಿಕೊಂಡರು. “ನಾವೆಲ್ಲ ಕೆರೆ, ಮಾವಿನ ತೋಪು, ಬೇಲಿಸಾಲಿನಲ್ಲೇ ಬೆಳೆದದ್ದು. ಯಾರು ನೋಡ್ತಿದ್ರು ನಮ್ಮನ್ನ?”

“ಅದೇ ವ್ಯತ್ಯಾಸ. ನಮ್ಮನ್ನ ಯಾರೂ ನೋಡ್ತಿರಲಿಲ್ಲ. ಕೆರೆಗೆ ಬಿದ್ದು ಹೋದವರ ಹೆಸರು ನಮ್ಮ ನೆನಪಿನ ಕತೆಗಳಲ್ಲಿ ಬರಲ್ಲ ಅಷ್ಟೇ. ಈಗಿನವರು ನೋಡಿದ್ದೇ ನೋಡಿದ್ದು, ಹೆಜ್ಜೆಗೊಂದು ‘ಬೇಡ’. ಕಾಡಿನಲ್ಲಿ ಹದಿನೈದು-ಇಪ್ಪತ್ತು ಮಕ್ಕಳಿಗೆ ಕನಿಷ್ಠ ಇಬ್ಬರು ದೊಡ್ಡವರು ಕಣ್ಣು ಮಿಟುಕಿಸದೆ ನೋಡ್ತಾರೆ, ಆದರೆ ಕೈ ಹಾಕಲ್ಲ. ಬಿಟ್ಟು ಬಿಡೋದೂ ಸುಲಭ, ಅಡ್ಡ ಬರೋದೂ ಸುಲಭ. ಪಕ್ಕದಲ್ಲೇ ಇದ್ದು ಸುಮ್ಮನಿರೋದು ಕಷ್ಟ.”

ರಾಯರು ಮಾತು ಬದಲಿಸಿದರು. “ಅ ಆ ಇ ಈ ಯಾವಾಗ ಕಲೀಬೇಕು?”

ಅಲ್ಲಿ ಒಂದನೇ ತರಗತಿ ಶುರುವಾಗುವುದೇ ಆರರ ಹೊತ್ತಿಗೆ. ಅಲ್ಲಿಯವರೆಗೆ ಕಾಡಿನಲ್ಲಿರಲಿ, ಕಟ್ಟಡದಲ್ಲಿರಲಿ, ಶಿಶುವಿಹಾರದಲ್ಲಿ ಯಾರೂ ಕಾಪಿ ಬರೆಸುವುದಿಲ್ಲ. ನಮ್ಮ ಬೀದಿಯ ಎಲ್‌ಕೆಜಿ ಮಗುವಿನ ಬ್ಯಾಗನ್ನು ಅದರ ಅಪ್ಪ ಹೊತ್ತು ನಡೆಯುವುದನ್ನು ರಾಯರೂ ದಿನಾ ನೋಡುತ್ತಾರೆ.

ಇನ್ನು ಕೊಳೆಯ ವಿಚಾರ. ಫಿನ್ಲೆಂಡಿನಲ್ಲಿ ಕೆಲವು ಶಿಶುಪಾಲನಾ ಕೇಂದ್ರಗಳ ಬೋಳು ಅಂಗಳಕ್ಕೆ ಕಾಡಿನ ನೆಲವನ್ನೇ ಹೆಕ್ಕಿ ತಂದು ಹಾಸಿದರು. ಮೂರರಿಂದ ಐದು ವರ್ಷದ ಮಕ್ಕಳು 28 ದಿನ ಅದರಲ್ಲಿ ಆಡಿದರು. ಅವರ ಚರ್ಮದ ಮೇಲಿನ ಸೂಕ್ಷ್ಮಾಣುಗಳ ವೈವಿಧ್ಯ ಹೆಚ್ಚಿತ್ತು, ರೋಗನಿರೋಧಕ ವ್ಯವಸ್ಥೆಯನ್ನು ಹದ್ದುಬಸ್ತಿನಲ್ಲಿಡುವ ಅಂಶಗಳು ರಕ್ತದಲ್ಲಿ ಸುಧಾರಿಸಿದ್ದವು ಎಂದು 2020ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅಧ್ಯಯನದಲ್ಲಿದ್ದ ಮಕ್ಕಳು ಒಟ್ಟು 75 ಮಾತ್ರ, ಇದರಿಂದ ಎಲ್ಲ ಕಾಯಿಲೆಗೂ ಮಣ್ಣೇ ಮದ್ದು ಎನ್ನಲಾಗದು. ಮೊಮ್ಮಗನ ಉಗುರಿನ ಮಣ್ಣಿಗೆ ಅಜ್ಜ ನಿದ್ದೆಗೆಡಬೇಕಿಲ್ಲ ಎನ್ನುವುದಕ್ಕಂತೂ ಸಾಕು.

“ಮುಂದಿನ ತಿಂಗಳು ನಾನೇ ಹೋಗ್ತೀನಲ್ಲ, ನೋಡ್ತೀನಿ,” ಎಂದರು ರಾಯರು.

“ನೋಡಿ. ಆದರೆ ಕ್ಲಾಸಿನಲ್ಲಿ ನಾನು ಮಕ್ಕಳಿಗೆ ಹೇಳ್ತಿದ್ದ ಮಾತು ಅಲ್ಲಿ ನಿಮಗೆ ಅನ್ವಯ. ಕೈ ಕಟ್, ಬಾಯ್ ಮುಚ್.”

“ಕೈ ಕಟ್ಟಿಕೊಂಡು ನಿಲ್ಲಬಹುದು ಮೇಷ್ಟ್ರೇ. ಬಾಯಿಗೇನು ಮಾಡಲಿ?”

“ಕೋಡುಬಳೆ ಕಟ್ಟಿಕೊಂಡು ಹೋಗಿ.”